ಕೃಷಿ ಹೊಂಡದ ನೀರು ಕಡುಹಸಿರು, ಬೆಳಗಿನ ಜಾವ ಮೀನು ಮೇಲೆ ಬರ್ತಾವೆ: ಮೈಲುತುತ್ತ ಹಾಕಬಹುದಾ?

ಗುಬ್ಬಿ_ರೈತ: ಎಲ್ಲರಿಗೂ ನಮಸ್ಕಾರ. 21 ಮೀಟರ್ ಚೌಕದ ಹೊಂಡ, 3 ಮೀಟರ್ ಆಳ, ಪ್ಲಾಸ್ಟಿಕ್ ಶೀಟ್ ಹಾಸಿದೆ. ಕಾಟ್ಲಾ, ರೋಹು, ಮೃಗಾಲ್ ಬಿಟ್ಟಿದೀನಿ. ದಿನಾ ತೌಡು, ಕಡಲೆಕಾಯಿ ಹಿಂಡಿ. ವಾರಕ್ಕೊಂದು ಸಲ ಸಗಣಿ ಬಗ್ಗಡ. ಮೋಡ ಹಿಡಿದಾಗಿಂದ ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾವೆ, ಬಿಸಿಲೇರಿದ ಮೇಲೆ ಕೆಳಗೆ ಹೋಗ್ತಾವೆ. ಎರಡು ದೊಡ್ಡ ಕಾಟ್ಲಾ ಸತ್ತವು, ಸಣ್ಣವಕ್ಕೆ ಏನೂ ಆಗಿಲ್ಲ. ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ಔಷಧಿ) ಹೊಡೆದು ಉಳಿದ ಮೈಲುತುತ್ತ ಇದೆ. ಹಾಕಿದರೆ ಪಾಚಿ ಸಾಯುತ್ತಲ್ವಾ?

ಹನಿನೀರು: ಹಾಕಿ ಅಣ್ಣ. ನಮ್ಮ ಟ್ಯಾಂಕಿಗೆ ಹಾಕಿದ್ವಿ, ನೀರು ಕನ್ನಡಿ ಥರ ಆಯ್ತು.

ಗುಬ್ಬಿ_ರೈತ: ಅದರಲ್ಲಿ ಮೀನು ಇತ್ತಾ?

ಹನಿನೀರು: ಇಲ್ಲ, ಡ್ರಿಪ್ಪಿಗೆ ನೀರು ತುಂಬಿಸೋ ಟ್ಯಾಂಕು.

ಕೆರೆಏರಿ: ದಯವಿಟ್ಟು ಹಾಕಬೇಡಿ. ಮೈಲುತುತ್ತದಲ್ಲಿರೋ ತಾಮ್ರ ಮೀನಿಗೂ ವಿಷ, ಅದು ಒಂದು ಕಡೆ ಇರಲಿ. ಅಷ್ಟೂ ಪಾಚಿ ಒಟ್ಟಿಗೆ ಸತ್ತರೆ ಕೊಳೆಸೋ ಬ್ಯಾಕ್ಟೀರಿಯಾ ಉಳಿದ ಆಮ್ಲಜನಕವನ್ನೂ ಹೀರ್ತವೆ. ಈಗ ಎರಡು ಸತ್ತಿವೆ, ಆಮೇಲೆ ಬುಟ್ಟಿಗಟ್ಟಲೆ ಎತ್ತಬೇಕಾಗುತ್ತೆ.

ನೀವು ಹೇಳಿದ ಲಕ್ಷಣ ಆಮ್ಲಜನಕದ ಕೊರತೆಯದ್ದೇ. ಹಗಲು ಪಾಚಿ ಆಮ್ಲಜನಕ ಬಿಡುತ್ತೆ. ರಾತ್ರಿ ಪಾಚಿ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಸೇರಿ ಅದನ್ನೇ ಉಸಿರಾಡ್ತವೆ. ಸೂರ್ಯ ಹುಟ್ಟೋ ಹೊತ್ತಿಗೆ ಮಟ್ಟ ತೀರಾ ಇಳಿದಿರುತ್ತೆ. ಮೋಡದ ದಿನ ಹಗಲಿನ ಗಳಿಕೆಯೇ ಕಡಿಮೆ. ಮೊದಲು ಸಾಯೋದು ಸಾಮಾನ್ಯವಾಗಿ ದೊಡ್ಡ ಮೀನು.

ಪಾಚಿ ಇಷ್ಟು ಬಂದದ್ದು ನಿಮ್ಮ ತೌಡು, ಹಿಂಡಿ, ಸಗಣಿಯಿಂದ. ಮೇವಿನ ಸಾರಜನಕದಲ್ಲಿ ಮೀನಿನ ಮೈ ಸೇರೋದು ಹೆಚ್ಚೆಂದರೆ ಮೂರನೇ ಒಂದು ಭಾಗ. ಉಳಿದದ್ದು ಕಿವಿರಿಂದ ಅಮೋನಿಯಾ ಆಗಿ, ಮಲವಾಗಿ ನೀರಿಗೇ ಬರುತ್ತೆ. ಮಣ್ಣಿನ ಕೆರೆಯಾದರೆ ತಳದ ಕೆಸರು ಒಂದಷ್ಟು ರಂಜಕವನ್ನಾದರೂ ಹಿಡಿದಿಟ್ಟುಕೊಳ್ಳುತ್ತೆ, ನಿಮ್ಮದು ಶೀಟು. ಬಿಸಿಲಿನಿಂದ ಬಂದ ಶಕ್ತಿ ಉಸಿರಾಟದಲ್ಲಿ ಶಾಖವಾಗಿ ಹೋಗಿಬಿಡುತ್ತೆ, ದಿನಾ ಹೊಸದಾಗಿ ಬರಬೇಕು. ಸಾರಜನಕ, ರಂಜಕ ಹಾಗಲ್ಲ: ಪಾಚಿ ಸತ್ತರೂ ಬಹುಪಾಲು ಹೊಂಡದಲ್ಲೇ ಇದ್ದು ಮತ್ತೆ ಪಾಚಿಯಾಗ್ತವೆ. ಅವನ್ನ ನೀವೇ ಹೊರಗೆ ಸಾಗಿಸಬೇಕು.

ಇವತ್ತೇ ಮೇವು, ಸಗಣಿ ಎರಡೂ ನಿಲ್ಲಿಸಿ. ರಾತ್ರಿ ಎರಡರ ಮೇಲೆ ಬೆಳಗಾಗೋ ತನಕ ಮೋಟಾರ್ ಹಾಕಿ, ಹೊಂಡದ ನೀರನ್ನೇ ಎತ್ತಿ ಮೇಲಿಂದ ಸುರಿಯೋ ಹಾಗೆ ಮಾಡಿ. ಹಗಲು ತಳದ ನೀರನ್ನ ಅಡಿಕೆ ಬುಡಕ್ಕೆ ಬಿಡಿ, ಅದು ಪುಕ್ಕಟೆ ಗೊಬ್ಬರ. ಬದಲಿಗೆ ಬೋರ್ ನೀರು ತುಂಬಿಸಿ, ಆದರೆ ಪೈಪಿನ ಬಾಯಿ ನೀರೊಳಗೆ ಮುಳುಗಿಸಬೇಡಿ. ಬೋರ್ ನೀರಲ್ಲಿ ಆಮ್ಲಜನಕ ತೀರಾ ಕಡಿಮೆ, ಚಿಮ್ಮಿಸಿಯೇ ಬಿಡಬೇಕು.

ಬಯಾಲಜಿ_ಮೇಡಂ: ಕೆರೆಏರಿ ಸರ್, ಆಹಾರ ಸರಪಳಿಯಲ್ಲಿ ಒಂದು ಹಂತದಿಂದ ಮುಂದಿನದಕ್ಕೆ ಶೇ. 10ರಷ್ಟೇ ಶಕ್ತಿ ದಾಟುತ್ತೆ ಅಂತ ಮಕ್ಕಳಿಗೆ ಹೇಳ್ತೀವಿ. ಆದರೆ ಮೀನಿನವರು ಎರಡು ಕಿಲೋ ಮೇವಿಗೆ ಒಂದು ಕಿಲೋ ಮೀನು ಅಂತಾರಲ್ಲ?

ಕೆರೆಏರಿ: ಒಳ್ಳೇ ಪ್ರಶ್ನೆ ಮೇಡಂ. ಮೇವು ಒಣ ತೂಕ, ಮೀನು ಹಸಿ ತೂಕ. ಮೀನಿನ ಮುಕ್ಕಾಲು ಪಾಲು ನೀರೇ. ಶೇ. 10 ಅನ್ನೋದು ಒಂದು ಅಂದಾಜು. ಅದರ ಬೇರು ಅಮೆರಿಕದ ಸೀಡರ್ ಬಾಗ್ ಸರೋವರದ ಬಗ್ಗೆ ಪರಿಸರ ವಿಜ್ಞಾನಿ ರೇಮಂಡ್ ಲಿಂಡೆಮನ್ 1942ರಲ್ಲಿ ಪ್ರಕಟಿಸಿದ ಲೇಖನದಲ್ಲಿದೆ. ಅಲ್ಲೂ ಹಂತದಿಂದ ಹಂತಕ್ಕೆ ಲೆಕ್ಕ ಬೇರೆ ಬೇರೆ. ಅಲ್ಲದೆ ಹೊಂಡದ ಮೀನು ಮೇವೊಂದನ್ನೇ ತಿನ್ನಲ್ಲ: ಕಾಟ್ಲಾ ಮೇಲ್ಪದರದ ಸೂಕ್ಷ್ಮಜೀವಿ ಸೋಸುತ್ತೆ, ಮೃಗಾಲ್ ತಳದ ಕೊಳೆತದ್ದನ್ನ ತಿನ್ನುತ್ತೆ. ಅದ್ಯಾವುದೂ ಮೇವಿನ ಬಿಲ್ಲಲ್ಲಿ ಇರಲ್ಲ.

ಗುಬ್ಬಿ_ರೈತ: ಮೋಟಾರ್ ಹಾಕಿ ನೀರು ಬದಲಾಯಿಸ್ತಾ ಇದೀನಿ. ಇವತ್ತು ಬೆಳಿಗ್ಗೆ ಮೇಲೆ ಬಂದಿದ್ದು ನಾಲ್ಕೈದೇ. ಮತ್ತೆ ಸಗಣಿ ಯಾವಾಗಿಂದ ಹಾಕಲಿ?

ಕೆರೆಏರಿ: ಮಧ್ಯಾಹ್ನದ ಬಿಸಿಲಲ್ಲಿ ಕೈ ಇಳಿಬಿಡಿ. ಮೊಣಕೈ ಮುಳುಗೋ ಮೊದಲೇ ಅಂಗೈ ಮರೆಯಾದರೆ ಸಗಣಿ ಬೇಡ. ಮೊಣಕೈ ಮುಳುಗಿದ ಮೇಲೂ ಬೆರಳು ಸ್ಪಷ್ಟ ಕಂಡರೆ ಸ್ವಲ್ಪ ಬಗ್ಗಡ ಕಲಸಿ ಹಾಕಿ, ಮೋಡ ಇದ್ದರೆ ಅದೂ ಬೇಡ. ಮಾರೋ ಗಾತ್ರಕ್ಕೆ ಬಂದ ಕಾಟ್ಲಾ ಇದ್ದರೆ ಈ ವಾರವೇ ಹಿಡಿದು ಮಾರಿಬಿಡಿ.