ಕೊಲೆಸ್ಟರಾಲ್ ಜಾಸ್ತಿ, ‘ದೇಹದ ವಯಸ್ಸು’ 54 ಅಂತ ಬಂದಿದೆ: ತೆಂಗಿನಕಾಯಿ ಬಿಡಬೇಕಾ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ)

ನಮ್ಮ ಮನೆಯವರಿಗೆ 47. ಸಸ್ಯಾಹಾರಿ, ಬಿಪಿ, ಶುಗರ್ ಇಲ್ಲ. ಹೋದ ವಾರದ ರಿಪೋರ್ಟ್: ಒಟ್ಟು ಕೊಲೆಸ್ಟರಾಲ್ 242, ಎಚ್‌ಡಿಎಲ್ (ಒಳ್ಳೆಯದು) 38, ಟ್ರೈಗ್ಲಿಸರೈಡ್ 210, ಎಲ್‌ಡಿಎಲ್ (ಕೆಟ್ಟದ್ದು) 162, ಎಂಸಿವಿ (ಕೆಂಪುಕಣದ ಸರಾಸರಿ ಗಾತ್ರ) 101, ಆರ್‌ಡಿಡಬ್ಲ್ಯು (ಕಣಗಳ ಗಾತ್ರದ ಏರುಪೇರು) 15.8. ಮಗಳು ಮೊಬೈಲಿನಲ್ಲಿ ಫೀನೋಏಜ್, ಅಂದರೆ ರಕ್ತಪರೀಕ್ಷೆಯ ಅಂಕಿಗಳಿಂದ ‘ದೇಹದ ವಯಸ್ಸು’ ಅಂದಾಜಿಸುವ ಲೆಕ್ಕ, ಹಾಕಿದಳು, 54 ಅಂತ ಬಂತು. ಅವತ್ತಿಂದ ಇವರು ಕಾಯಿ ಹಾಕಿದ್ದು ಏನನ್ನೂ ಮುಟ್ಟುತ್ತಿಲ್ಲ. ಕಾಯಿ ಬಿಟ್ಟರೆ ವಯಸ್ಸು ಇಳಿಯುತ್ತಾ? ತಿಳಿದವರು ಹೇಳಿ.

ಶಿವಮೊಗ್ಗದಿಂದ, ಲ್ಯಾಬ್ ಕೆಲಸದವರು

ಅಕ್ಕ, ಫೀನೋಏಜ್ ಲೆಕ್ಕದಲ್ಲಿ ಕೊಲೆಸ್ಟರಾಲ್ ಇಲ್ಲವೇ ಇಲ್ಲ. 2018ರಲ್ಲಿ ಮಾರ್ಗನ್ ಲೆವಿನ್ ತಂಡ ಕೊಟ್ಟ ಸೂತ್ರ ಅದು. ವಯಸ್ಸಿನ ಜೊತೆ ಒಂಬತ್ತು ಅಂಕಿ ಕೇಳುತ್ತದೆ: ಆಲ್ಬುಮಿನ್, ಕ್ರಿಯಾಟಿನಿನ್, ಗ್ಲೂಕೋಸ್, ಸಿಆರ್‌ಪಿ (ಉರಿಯೂತದ ಸೂಚಕ), ಲಿಂಫೋಸೈಟ್ ಶೇಕಡಾವಾರು, ಎಂಸಿವಿ, ಆರ್‌ಡಿಡಬ್ಲ್ಯು, ಆಲ್ಕಲೈನ್ ಫಾಸ್ಫಟೇಸ್, ಬಿಳಿ ರಕ್ತಕಣ. ಎಲ್‌ಡಿಎಲ್ 162ರಿಂದ 120ಕ್ಕೆ ಇಳಿದರೂ ಆ 54 ಅಲ್ಲೇ ಕೂತಿರುತ್ತದೆ.

ಏರಿಸಿದ್ದು ಬಹುಶಃ ಆರ್‌ಡಿಡಬ್ಲ್ಯು. ಅದು ಒಂದು ಅಂಕ ಏರಿದರೆ ಈ ಸೂತ್ರದಲ್ಲಿ ಮೂರೂವರೆ ವರ್ಷ ಸೇರುತ್ತದೆ. ಎಂಸಿವಿ ಹತ್ತು ಏರಿದರೆ ಸುಮಾರು ಮೂರು ವರ್ಷ. ಸಸ್ಯಾಹಾರಿಗಳಲ್ಲಿ ಎರಡೂ ಒಟ್ಟಿಗೆ ಏರಿದ್ದರೆ ಮೊದಲು ಬಿ12 ನೋಡಬೇಕು. ಜೊತೆಗೆ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮಾಡಿಸಿ. ಥೈರಾಯ್ಡ್ ಮಂದವಾದರೆ ಎಂಸಿವಿಯೂ ಏರಬಹುದು, ಎಲ್‌ಡಿಎಲ್ಲೂ ಏರುತ್ತದೆ. ಕುಡಿಯುವ ಅಭ್ಯಾಸವಿದ್ದರೆ ಡಾಕ್ಟರ ಹತ್ತಿರ ಮುಚ್ಚಿಡಬೇಡಿ, ಅದೂ ಎಂಸಿವಿ, ಟ್ರೈಗ್ಲಿಸರೈಡ್ ಎರಡನ್ನೂ ಏರಿಸುತ್ತದೆ.

ಮಗಳಿಗೆ ಮಾನಗಳನ್ನು ಇನ್ನೊಮ್ಮೆ ನೋಡಲು ಹೇಳಿ. ಮೂಲ ಸೂತ್ರಕ್ಕೆ ಆಲ್ಬುಮಿನ್ ಲೀಟರಿಗೆ ಗ್ರಾಂನಲ್ಲಿ ಬೇಕು. ನಮ್ಮ ರಿಪೋರ್ಟಿನಲ್ಲಿ ಡೆಸಿಲೀಟರಿಗೆ ಬರೆಯುವ 4.4 ಅಲ್ಲಿ 44. ಹಾಗೇ 4.4 ಹಾಕಿದರೆ ಹದಿನಾಲ್ಕು ವರ್ಷ ಸುಮ್ಮನೆ ಕೂಡುತ್ತದೆ. ಕ್ರಿಯಾಟಿನಿನ್ 88.4ರಿಂದ ಗುಣಿಸಬೇಕು, ಗ್ಲೂಕೋಸ್ 18ರಿಂದ ಭಾಗಿಸಬೇಕು, ಸಿಆರ್‌ಪಿ ಲೀಟರಿನ ಲೆಕ್ಕದಲ್ಲಿದ್ದರೆ 10ರಿಂದ ಭಾಗಿಸಬೇಕು. ಸಿಆರ್‌ಪಿ ‘5ಕ್ಕಿಂತ ಕಡಿಮೆ’ ಅಂತಷ್ಟೇ ಬರೆದಿದ್ದರೆ ಅದು ಈ ಲೆಕ್ಕಕ್ಕೆ ಬಾರದು, ಹೈ ಸೆನ್ಸಿಟಿವಿಟಿಯದ್ದೇ ಬೇಕು.

ಸಾಗರದಿಂದ, ಡಯಟೀಷಿಯನ್

54ರ ಮಾತು ಬಿಡೋಣ, 162 ಮಾತ್ರ ನಿಜವಾದ ಸಮಸ್ಯೆಯೇ. ರಕ್ತನಾಳಕ್ಕೆ ಎಲ್‌ಡಿಎಲ್ ಎಷ್ಟು ಅನ್ನುವಷ್ಟೇ ಎಷ್ಟು ವರ್ಷದಿಂದ ಅನ್ನುವುದೂ ಮುಖ್ಯ. ನಾಳದ ಮುಪ್ಪು ಅನ್ನುವುದಿದ್ದರೆ ಅದು ಇದೇ.

ಕಾಯಿಗಿಂತ ಮೊದಲು ಎಣ್ಣೆ ನೋಡಿ. ಒಂದು ದೊಡ್ಡ ಚಮಚ ಕೊಬ್ಬರಿ ಎಣ್ಣೆಯಲ್ಲಿ ಸುಮಾರು 12 ಗ್ರಾಂ ಸ್ಯಾಚುರೇಟೆಡ್ ಕೊಬ್ಬು, ತುಪ್ಪದಲ್ಲಿ 8–9. ಎಲ್‌ಡಿಎಲ್ ಇಳಿಸಬೇಕಾದವರಿಗೆ ಇಡೀ ದಿನಕ್ಕೆ 15 ಗ್ರಾಂ ಹತ್ತಿರ ನಿಲ್ಲಬೇಕು. ಎರಡು ದೊಡ್ಡ ಚಮಚ ಕಾಯಿತುರಿ, ಅಂದರೆ 15 ಗ್ರಾಂ ತುರಿಯಲ್ಲಿ, ನಾಲ್ಕೂವರೆ ಗ್ರಾಂ. ಒಗ್ಗರಣೆಗೆ ಶೇಂಗಾ ಅಥವಾ ಸೂರ್ಯಕಾಂತಿ ಎಣ್ಣೆ, ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ದಾಟದ ಹಾಗೆ. ಅಷ್ಟಾದರೆ ಸಾರಿಗೆ ಎರಡು ಚಮಚ ಕಾಯಿ ಇರಲಿ, ಪಾಪ.

ಟ್ರೈಗ್ಲಿಸರೈಡ್ 210, ಎಚ್‌ಡಿಎಲ್ 38 ಅಂದರೆ ಅನ್ನ, ಕಡುಬು, ಸಕ್ಕರೆಯ ಕಡೆಗೂ ಕಣ್ಣು ಹೋಗಬೇಕು. ದಿನಕ್ಕೆ ನಾಲ್ಕು ಕಾಫಿ, ಒಂದಕ್ಕೆ ಎರಡು ಚಮಚ ಅಂದರೆ ಅಲ್ಲೇ 35 ಗ್ರಾಂ ಸಕ್ಕರೆ. ರಾತ್ರಿಯ ಅನ್ನ ಅರ್ಧ ಮಾಡಿ, ಆ ಜಾಗಕ್ಕೆ ಕಾಳು, ಪಲ್ಯ ಬರಲಿ.

ಹುರುಳಿ ಸಾರು ಮಾಡುವಾಗ ನಮ್ಮ ಕಡೆ ಒಂದು ತಪ್ಪು ಮಾಡುತ್ತೇವೆ: ಕಟ್ಟು ಬಸಿದುಕೊಂಡು ಕಾಳನ್ನು ಕೊಟ್ಟಿಗೆಗೆ ಹಾಕುತ್ತೇವೆ. ನಾರು ಉಳಿಯುವುದು ಕಾಳಿನಲ್ಲಿ. ಎಮ್ಮೆಯ ಕೊಲೆಸ್ಟರಾಲ್ ಇಳಿದರೆ ನಮಗೇನು? ಒಬ್ಬರಿಗೆ 30 ಗ್ರಾಂ ಹುರುಳಿ ರಾತ್ರಿ ನೆನೆಸಿ, ಬೇಯಿಸಿ, ಅರ್ಧ ಕಾಳು ಸಾರಿಗೇ ರುಬ್ಬಿ, ಉಳಿದರ್ಧ ಉಸ್ಲಿ ಮಾಡಿ. ಕರಗುವ ನಾರು ದಿನಕ್ಕೆ 5–10 ಗ್ರಾಂ ಹೆಚ್ಚಾದರೆ ಎಲ್‌ಡಿಎಲ್ ಶೇ. 5ರಷ್ಟು ಇಳಿಯುತ್ತದೆ. ಒಂದೇ ಸಲ ಜಾಸ್ತಿ ಮಾಡಿದರೆ ಹೊಟ್ಟೆ ಉಬ್ಬರ ಖಚಿತ. ವಾರಕ್ಕೆ ಮೂರು ದಿನದಿಂದ ಶುರುಮಾಡಿ.

ಕೇಳಿದವರು

ಕಾಫಿ ನಾವು ಪಾತ್ರೆಯಲ್ಲಿ ಪುಡಿ ಕುದಿಸಿ, ಕೆಳಗೆ ಕೂತ ಮೇಲೆ ಬಗ್ಗಿಸಿಕೊಳ್ಳುವುದು. ಅದೂ ತೊಂದರೆಯಾ?

ಶಿವಮೊಗ್ಗದಿಂದ, ವೈದ್ಯಕೀಯ ವೃತ್ತಿಯವರು

ಹೌದು, ಬೀಜದ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಲ್‌ಡಿಎಲ್ ಏರಿಸುತ್ತದೆ, ಕುದಿಸಿದ ಕಾಫಿಯಲ್ಲಿ ಅದು ಜಾಸ್ತಿ. ಪೇಪರ್ ಫಿಲ್ಟರ್ ಅದನ್ನು ಬಹುಪಾಲು ಹಿಡಿಯುತ್ತದೆ.

ಆಹಾರದಿಂದ ಎಷ್ಟು ಇಳಿಯುತ್ತದೆ ಅನ್ನುವುದರ ಅಂದಾಜೂ ಇರಲಿ. ಚೆನ್ನಾಗಿ ಪಾಲಿಸಿದರೆ ಸಾಮಾನ್ಯವಾಗಿ ಶೇ. 10–15, ಅಂದರೆ 162 ಹೋಗಿ 140ರ ಆಸುಪಾಸು. ಟಿಎಸ್‌ಎಚ್ ಸರಿ ಇದ್ದು, ಮೂರು ತಿಂಗಳಾದರೂ ಅಲ್ಲೇ ನಿಂತರೆ ಮಾತ್ರೆ ಬೇಕೇ ಅಂತ ನಿಮ್ಮ ಡಾಕ್ಟರ ಜೊತೆ ಮಾತಾಡಿ. ಮನೆತನದಲ್ಲಿ 55ರೊಳಗೆ ಹೃದಯಾಘಾತವಾದ ಗಂಡಸರಿದ್ದರೆ ಅದನ್ನೂ ಹೇಳಿ.

ಊಟ ಬದಲಿಸಿ ‘ವಯಸ್ಸು’ ಇಳಿಸುವುದರ ಬಗ್ಗೆ ಇರುವ ಒಳ್ಳೆಯ ಪ್ರಯೋಗ ಅಮೆರಿಕದ ಕ್ಯಾಲೆರಿ (CALERIE) ಅನ್ನುವ ಅಧ್ಯಯನ. ಎರಡು ವರ್ಷ, ಸುಮಾರು 220 ಜನ, ಊಟದ ಕ್ಯಾಲೊರಿ ಶೇ. 12ರಷ್ಟು ಕಡಿತ. 2023ರ ವರದಿಯಂತೆ ಡ್ಯುನೆಡಿನ್‌ಪೇಸ್ ಅನ್ನುವ ಡಿಎನ್‌ಎ ಅಳತೆಯಲ್ಲಿ ಮುಪ್ಪಿನ ವೇಗ ಶೇ. 2–3 ಕುಗ್ಗಿತು, ಡಿಎನ್‌ಎ ಆಧಾರದ ಫೀನೋಏಜ್ (ಮಗಳು ಹಾಕಿದ ರಕ್ತದ ಲೆಕ್ಕವಲ್ಲ, ಬೇರೆಯದು) ಅಲುಗಾಡಲಿಲ್ಲ. ಅಳತೆಗೋಲು ಬದಲಾದರೆ ಉತ್ತರವೂ ಬದಲಾಗುತ್ತದೆ.

ಮರುಪರೀಕ್ಷೆ 12 ವಾರಕ್ಕೆ, ಅದೇ ಲ್ಯಾಬಿನಲ್ಲಿ, 10–12 ಗಂಟೆ ಉಪವಾಸವಿದ್ದು ಮಾಡಿಸಿ. ಜ್ವರ ಬಂದು ತಿಂಗಳಾಗಿರದಿದ್ದರೆ ಮುಂದೂಡಿ. ಕಾಯಿಲೆಯಲ್ಲಿ ಎಲ್‌ಡಿಎಲ್ ತಾನಾಗೇ ಇಳಿದು ಮೋಸ ಮಾಡುತ್ತದೆ.

ಶಿವಮೊಗ್ಗದಿಂದ, ಲ್ಯಾಬ್ ಕೆಲಸದವರು

ಇನ್ನೊಂದು. ಬಿ12 ಕಮ್ಮಿ ಇದ್ದು ಚಿಕಿತ್ಸೆ ಶುರುವಾದರೆ ಮೊದಲ ಕೆಲವು ವಾರ ಹಳೆಯ ದೊಡ್ಡ ಕಣ, ಹೊಸ ಕಣ ಎರಡೂ ಬೆರೆತು ಆರ್‌ಡಿಡಬ್ಲ್ಯು ಇನ್ನಷ್ಟು ಏರಬಹುದು. ಕೆಂಪುಕಣದ ಆಯಸ್ಸು ಸುಮಾರು 120 ದಿನ, ಅಲ್ಲಿಯವರೆಗೆ ಮಗಳ ಕೈಗೆ ಮೊಬೈಲ್ ಕೊಡಬೇಡಿ.