ಬ್ರಿಟನ್ನಿನ ‘ಪ್ಯಾಂಟೊಮೈಮ್’ಗೂ ಅದರ ಪಾತ್ರಗಳಿಗೂ ಕನ್ನಡದಲ್ಲಿ ಏನನ್ನೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಹಳ್ಳಿಗಳಲ್ಲಿ ಊರವರೇ ಸೇರಿ ಆಡುವ ಪ್ಯಾಂಟೊಮೈಮ್ ಬಗ್ಗೆ ಒಂದು ಬರಹವನ್ನು ಕನ್ನಡಕ್ಕೆ ತರುತ್ತಿದ್ದೇನೆ. ತಲೆಬರಹದಲ್ಲೇ ತೊಡಕು. ನಿಘಂಟು ತೆಗೆದರೆ ಪ್ಯಾಂಟೊಮೈಮ್ ಎಂದರೆ ‘ಮೂಕಾಭಿನಯ’, ‘ಮೂಕನಾಟಕ’. ಈ ಆಟದಲ್ಲಾದರೋ ಬಾಯಿ ಮುಚ್ಚಿಕೊಂಡಿರುವವರು ಒಬ್ಬರೂ ಇಲ್ಲ. ಮಾತು, ಹಾಡು, ಕುಣಿತ, ಪೋಲಿ ಜೋಕು ಎಲ್ಲ ಇದೆ. ನೋಡಲು ಬಂದವರೂ ಸುಮ್ಮನೆ ಕೂರುವ ಹಾಗಿಲ್ಲ. ಖಳ ಬಂದರೆ ‘ಬೂ’ ಎಂದು ಕೂಗಬೇಕು. ಅವನು ಯಾರದೋ ಬೆನ್ನ ಹಿಂದೆ ಬಂದು ನಿಂತರೆ ಮಕ್ಕಳೆಲ್ಲ “ಹಿಂದೆ ನೋಡು, ಹಿಂದೆ!” ಎಂದು ಕಿರುಚಬೇಕು. ಇದನ್ನು ಮೂಕಾಭಿನಯ ಎಂದು ಬರೆದರೆ, ಮುಖಕ್ಕೆ ಬಿಳಿ ಬಳಿದುಕೊಂಡು ಇಲ್ಲದ ಗೋಡೆಯನ್ನು ತಡವುವ ನಟ ಓದುಗರ ಕಣ್ಣಿಗೆ ಬರುತ್ತಾನೆ, ಅಲ್ವಾ?

ಹಾಗೆ ನೋಡಿದರೆ ಮೂಲ ಗ್ರೀಕ್ ಪದದಲ್ಲೂ ಮೂಕತನ ಇಲ್ಲ. ‘ಎಲ್ಲವನ್ನೂ ಅನುಕರಿಸುವವನು’ ಎಂದಷ್ಟೇ ಅರ್ಥ. ರೋಮಿನಲ್ಲಿ ಮುಖವಾಡ ಹಾಕಿದವನು ಕುಣಿದು ಅಭಿನಯಿಸುತ್ತಿದ್ದ, ಕಥೆಯನ್ನು ಬೇರೆಯವರು ಹಾಡುತ್ತಿದ್ದರು. ಲಂಡನ್ನಿನಲ್ಲಿ 1717ರ ಹೊತ್ತಿಗೆ ಜಾನ್ ರಿಚ್ ಎಂಬ ನಟ ಹಾರ್ಲೆಕ್ವಿನ್ (ಇಟಲಿಯ ಹಳೆಯ ನಗೆನಾಟಕದ ಚುರುಕು ಸೇವಕ) ವೇಷ ಹಾಕತೊಡಗಿದ. ಅವನು ಮಾತಾಡದೆ ಬರೀ ಕೈಸನ್ನೆ, ಕುಣಿತದಲ್ಲೇ ಹೆಸರು ಮಾಡಿದವನು. 1737ರ ಕಾನೂನು ಮಾತಿನ ನಾಟಕವನ್ನು ಬೆರಳೆಣಿಕೆಯ ರಂಗಮಂದಿರಗಳಿಗೆ ಕಟ್ಟಿಹಾಕಿತು. 1843ರಲ್ಲಿ ಆ ಕಟ್ಟು ಬಿಚ್ಚಿತು. ಮಾತು ಜಾಸ್ತಿಯಾಯಿತು, ಹೆಸರು ಮಾತ್ರ ಬದಲಾಗಲಿಲ್ಲ. ಹಾಗಾಗಿ ‘ಪ್ಯಾಂಟೊಮೈಮ್’ ಎಂದೇ ಇಟ್ಟು, ಮುಂದೆ ‘ಪ್ಯಾಂಟೊ ಆಟ’ ಎಂದು ಬಳಸೋಣ ಎಂದುಕೊಂಡಿದ್ದೇನೆ. ಅಲ್ಲಿಯವರೂ ‘ಪ್ಯಾಂಟೊ’ ಎಂದೇ ಮೊಟಕು ಮಾಡುತ್ತಾರೆ. ‘ನಾಟಕ’ಕ್ಕಿಂತ ‘ಆಟ’ ವಾಸಿ ಎಂದು ನನ್ನ ಅನಿಸಿಕೆ. ಬಯಲಾಟ, ಸಣ್ಣಾಟದ ‘ಆಟ’ದಲ್ಲಿ ಹಾಡು, ಕುಣಿತ, ನಗೆ ಮೂರೂ ಸೇರಿಯೇ ಬರುತ್ತವೆ.

ನಿಜವಾದ ಕಷ್ಟ ಪಾತ್ರಗಳದ್ದು. ಅದರಲ್ಲೂ ‘ಡೇಮ್’.

ಡೇಮ್ ಎಂದರೆ ನಡುವಯಸ್ಸು ದಾಟಿದ, ಬಾಯಿ ಜೋರಿನ ಹೆಂಗಸು. ಮಾಡುವವನು ಗಂಡಸು. ‘ಸ್ತ್ರೀವೇಷ’ ಎಂದು ಬರೆದು ಹೊಡೆದುಹಾಕಿದೆ. ಯಕ್ಷಗಾನದ ಸ್ತ್ರೀವೇಷ ನೋಡಿದರೆ ಹೆಣ್ಣೇ ಅನ್ನಿಸಬೇಕು, ಅದೇ ಅದರ ಹೆಚ್ಚುಗಾರಿಕೆ. ಡೇಮ್ ಹಾಗಲ್ಲ. ಒಳಗಿರುವುದು ಗಂಡಸು ಎಂದು ಉದ್ದಕ್ಕೂ ಗೊತ್ತಾಗುತ್ತಲೇ ಇರಬೇಕು. ದಪ್ಪ ದನಿ, ಕೆನ್ನೆಗೆ ಕೆಂಪು, ಒಳಗೆ ಬಂದಾಗಲೆಲ್ಲ ಹೊಸ ಗೌನು, ಹಿಂದಿನದಕ್ಕಿಂತ ವಿಚಿತ್ರವಾದ ಟೋಪಿ. 1888ರಿಂದ ಹೆಚ್ಚು ಕಡಿಮೆ ಹದಿನೈದು ವರ್ಷ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಡ್ಯಾನ್ ಲೆನೊ ಎಂಬ ಹಾಸ್ಯನಟ ಈ ಪಾತ್ರಕ್ಕೆ ಒಂದು ಮಾದರಿಯನ್ನೇ ಹಾಕಿಕೊಟ್ಟ. ಹಳ್ಳಿಯಲ್ಲಂತೂ ಅರ್ಧ ನಗು ಹುಟ್ಟುವುದೇ ಇಲ್ಲಿ: ಗೌನು ತೊಟ್ಟವನು ಮೊನ್ನೆ ನಲ್ಲಿ ರಿಪೇರಿಗೆ ಬಂದಿದ್ದ ಪ್ಲಂಬರ್ ಎಂದು ಎಲ್ಲರಿಗೂ ಗೊತ್ತು.

ನಮ್ಮಲ್ಲಿ ಇದಕ್ಕೆ ಹತ್ತಿರ ಎಂದರೆ ಯಕ್ಷಗಾನದ ಹಾಸ್ಯಗಾರರು ಹಾಕುವ ಅಜ್ಜಿ, ಸೂಲಗಿತ್ತಿ ವೇಷಗಳು. ಆದರೆ ಡೇಮ್ ಅಜ್ಜಿ ಆಗಿರುವುದು ಕಡಿಮೆ, ತಾಯಿ ಆಗಿರುವುದೇ ಹೆಚ್ಚು. ಅಲಾದ್ದೀನನ ತಾಯಿ, ಅವರೆಬಳ್ಳಿ ಹತ್ತುವ ಜಾಕ್‌ನ ತಾಯಿ, ಹೀಗೆ. ಅಲಾದ್ದೀನನ ತಾಯಿಯ ಹೆಸರು ವಿಡೋ ಟ್ವಾಂಕಿ, ಬಟ್ಟೆ ಒಗೆಯುವವಳು. 1861ರಲ್ಲಿ ಎಚ್. ಜೆ. ಬೈರನ್ ಎಂಬ ನಾಟಕಕಾರ ತನ್ನ ಆಟದಲ್ಲಿ ಇಟ್ಟ ಹೆಸರದು, ಚೀನಾದ ಒಂದು ಹಸಿರು ಚಹಾದ ಹೆಸರಿನಿಂದ ಎತ್ತಿದ್ದು. ‘ಚಾಪುಡಿ ಚೆನ್ನಮ್ಮ’ ಎಂದು ಸುಮ್ನೆ ಬರೆದು ನೋಡಿದೆ, ನಗು ಬಂತು. ಆದರೆ ಇಂಗ್ಲೆಂಡಿನ ಹಳ್ಳಿಯೇ ಕೈಬಿಟ್ಟುಹೋಗುತ್ತದೆ. ಸದ್ಯಕ್ಕೆ ‘ನಗೆಯಮ್ಮನ ವೇಷ’ ಎಂದಿಟ್ಟಿದ್ದೇನೆ. ಪೂರ್ತಿ ಒಪ್ಪಿಗೆಯಿಲ್ಲ.

ಎರಡನೆಯದು ‘ಪ್ರಿನ್ಸಿಪಲ್ ಬಾಯ್’. ಕಥೆಯ ನಾಯಕ. ವಾಡಿಕೆಯಂತೆ ಈ ಪಾತ್ರವನ್ನು ಹುಡುಗಿಯೇ ಮಾಡುತ್ತಾಳೆ. ಮೊಣಕಾಲಿನ ತನಕ ಬೂಟು ಹಾಕಿ, ತೊಡೆ ತಟ್ಟಿಕೊಂಡು ಬರುತ್ತಾಳೆ. ಪ್ರಿನ್ಸಿಪಲ್ ಬಾಯ್ ಎಂದು ಹಾಗೇ ಬಿಟ್ಟರೆ ಕಾಲೇಜಿನ ಪ್ರಿನ್ಸಿಪಾಲರ ಮಗ ಎಂದುಕೊಂಡಾರು. ಯಕ್ಷಗಾನದಲ್ಲಿ ಎಳೆಯ ವೀರರ ಪಾತ್ರಕ್ಕೆ ಹೇಳುವ ‘ಪುಂಡುವೇಷ’ದಲ್ಲಿ ಆ ಚುರುಕು ಸಿಗುತ್ತದೆ, ಹುಡುಗಿ ಎನ್ನುವುದು ಸಿಗುವುದಿಲ್ಲ. ಆರ್. ನಾಗರತ್ನಮ್ಮನವರು 1958ರಲ್ಲಿ ಕಟ್ಟಿದ ಸ್ತ್ರೀ ನಾಟಕ ಮಂಡಳಿಯಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರಲ್ಲ, ಕಂಪನಿಯವರ ಬಾಯಲ್ಲಿ ಅದಕ್ಕೆ ಏನು ಹೆಸರಿತ್ತು? ಗಂಡು ಪಾರ್ಟು ಎನ್ನುತ್ತಿದ್ದರೇ?

ಖಳ ಯಾವಾಗಲೂ ಎಡದಿಂದ, ಒಳ್ಳೆಯ ಕಿನ್ನರಿ ಬಲದಿಂದ ಬರಬೇಕು ಎನ್ನುವುದು ಇನ್ನೊಂದು ವಾಡಿಕೆ. ಇಲ್ಲಿ ಎಡ ಎಂದರೆ ನಟರ ಎಡ, ನೋಡುವವರಿಗೆ ಅದು ಬಲ. ‘ರಂಗದ ಎಡ’ ಎಂದರೆ ಗೊಂದಲ, ‘ನಟರ ಎಡಗಡೆ’ ಎಂದು ಬಿಡಿಸಿ ಬರೆದಿದ್ದೇನೆ.

ಆಡುವವರ ಇಡೀ ತಂಡಕ್ಕೆ? ‘ತಾರಾಗಣ’ ಸಿನಿಮಾದವರದ್ದು, ಪ್ಲಂಬರ್, ಪೋಸ್ಟ್‌ಮನ್ನಿಗೆ ಹೊಂದದು. ‘ಪಾತ್ರವರ್ಗ’ ಒಣಕಲು. ಯಕ್ಷಗಾನದಲ್ಲಿ ವೇಷ ಹಾಕಿ ಕುಣಿಯುವವರನ್ನು ಕರೆಯುವ ‘ಮುಮ್ಮೇಳ’ ಇಷ್ಟವಾಯಿತು, ಪಕ್ಕದಲ್ಲಿ ಪಿಯಾನೊ ನುಡಿಸುವವರನ್ನು ‘ಹಿಮ್ಮೇಳ’ ಎನ್ನಬಹುದು. ಆದರೆ ಕರಾವಳಿ, ಮಲೆನಾಡಿನ ಆಚೆಗೆ ಇದು ಸಲೀಸಾಗಿ ಅರ್ಥವಾದೀತೇ? ‘ಹವ್ಯಾಸಿ’ಯದ್ದೂ ಒಂದು ಇರುಸುಮುರುಸು. 1909ರಲ್ಲಿ ಬೆಂಗಳೂರಿನಲ್ಲಿ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ ಶುರುವಾದ ಕಾಲದಿಂದಲೂ ಈ ಪದಕ್ಕೆ ಪೇಟೆಯ, ಓದಿದವರ ವಾಸನೆ ಇದೆ. ಕುರುಕ್ಷೇತ್ರ ಆಡುವ ನಮ್ಮ ಹಳ್ಳಿಯವರನ್ನು ಯಾರೂ ಹವ್ಯಾಸಿಗಳು ಎನ್ನುವುದಿಲ್ಲ. ‘ಊರವರು’ ಸಾಕು ಅನ್ನಿಸುತ್ತದೆ.

ಕೊನೆಯದು ಹಸು. ಒಂದೇ ಬಟ್ಟೆಯ ಹಸುವಿನೊಳಗೆ ಇಬ್ಬರು ಬಗ್ಗಿ ನಡೆಯುತ್ತಾರೆ. ಒಬ್ಬ ಮುಂಗಾಲು, ಇನ್ನೊಬ್ಬ ಹಿಂಗಾಲು. ‘ಹಿಂಗಾಲು ಪಾರ್ಟು’ ಎಂದು ಸಲೀಸಾಗಿ ಬರೆದುಕೊಂಡೆ. ಇಡೀ ವೇಷಕ್ಕೆ ಮಾತ್ರ ಹೆಸರು ಸಿಕ್ಕಿಲ್ಲ. ಕೀಲುಕುದುರೆಯಲ್ಲಿ ಇರುವುದು ಒಬ್ಬನೇ. ನಿಮ್ಮ ಕಡೆಯ ಜಾತ್ರೆ, ಆಟಗಳಲ್ಲಿ ಇಬ್ಬರು ಹೊಕ್ಕು ಕುಣಿಯುವ ಪ್ರಾಣಿವೇಷ ಇದ್ದರೆ ಅದಕ್ಕೆ ಏನನ್ನುತ್ತಾರೆ? ಊರಿನ ಹೆಸರನ್ನೂ ಸೇರಿಸಿ ಬರೆದರೆ ಉಪಕಾರವಾಗುತ್ತದೆ.