ಒಳಗೆ ತಾಮ್ರ, ಮೇಲೆ ಬೆಳ್ಳಿ: ಇಂಥ ರೋಮನ್ ನಾಣ್ಯಕ್ಕೆ ಕನ್ನಡದಲ್ಲಿ ಏನನ್ನಬೇಕು?

ಎಲ್ಲರಿಗೂ ನಮಸ್ಕಾರ.

ರೋಮನ್ನರ ಬೆಳ್ಳಿ ನಾಣ್ಯಗಳನ್ನು ಗುರುತಿಸುವ ಬಗ್ಗೆ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಹೊಸದಾಗಿ ನಾಣ್ಯ ಸಂಗ್ರಹಕ್ಕೆ ಇಳಿದವರಿಗೆ. ಬಹಳಷ್ಟು ಪದಗಳು ಸಲೀಸಾಗಿ ಸಿಕ್ಕವು. ದೊರೆಯ ತಲೆ ಇರುವ ಬದಿ ಮುಮ್ಮುಖ, ಇನ್ನೊಂದು ಹಿಮ್ಮುಖ. ಅಚ್ಚು ಹಾಕುವ ಮುಂಚಿನ ಬರೀ ಲೋಹ ಬಿಲ್ಲೆ. ನಾಣ್ಯ ಅಚ್ಚಾಗುವ ಜಾಗಕ್ಕೆ ಕಮ್ಮಟ ಅನ್ನುವ ಚೆಂದದ ಹಳೆಯ ಪದವಿದೆ. ಆದರೆ ಈಗ ಕಮ್ಮಟ ಅಂದರೆ ಜನಕ್ಕೆ ಕಥಾ ಕಮ್ಮಟ, ಕಾವ್ಯ ಕಮ್ಮಟವೇ ನೆನಪಾಗುತ್ತದೆ. ಅದಕ್ಕೇ ಟಂಕಸಾಲೆ ಅಂತ ಇಟ್ಟುಕೊಂಡೆ.

ಒಂದು ಕಡೆ ಮಾತ್ರ ಪೆನ್ನು ನಿಂತುಬಿಟ್ಟಿದೆ.

ನನ್ನ ಹತ್ತಿರ ಟೈಬೀರಿಯಸ್ ದೊರೆಯ ಒಂದು ದಿನಾರಿಯಸ್, ಅಂದರೆ ರೋಮನ್ನರ ಬೆಳ್ಳಿ ನಾಣ್ಯ, ಇದೆ. ಹಿಮ್ಮುಖದಲ್ಲಿ ಉದ್ದನೆಯ ರಾಜದಂಡ, ಒಂದು ಕೊಂಬೆ ಹಿಡಿದು ಕೂತ ಹೆಂಗಸು. ಅವಳ ಸುತ್ತ 'ಪೊಂಟಿಫ್ ಮ್ಯಾಕ್ಸಿಮ್' ಎಂಬ ಬರಹ. ನಮ್ಮ ಕಡೆಯೂ ಸಿಕ್ಕಿರುವ ನಾಣ್ಯವೇ ಇದು. 1891ರಲ್ಲಿ ಬೆಂಗಳೂರಿನ ಯಶವಂತಪುರದ ಹತ್ತಿರ ಸಿಕ್ಕ 163 ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಟೈಬೀರಿಯಸ್‌ನವೂ ಇದ್ದವು. ಆದರೆ ನನ್ನದರಲ್ಲಿ ದೊರೆಯ ಕಿವಿಯ ಹತ್ತಿರ ಬೆಳ್ಳಿ ಎದ್ದುಬಂದು, ಒಳಗಿನ ತಾಮ್ರ ಹಸಿರುಗಟ್ಟಿ ಕಾಣುತ್ತದೆ. ಸರಿಯಾದ ನಾಣ್ಯ ಸುಮಾರು 3.8 ಗ್ರಾಂ ತೂಗಬೇಕು, ಇದು 3 ಗ್ರಾಂ ಕೂಡ ಇಲ್ಲ. ಬೆಳ್ಳಿಗಿಂತ ತಾಮ್ರ ಹಗುರ ಅಲ್ವಾ? ಅಂದರೆ ಇದು ಆ ಕಾಲದಲ್ಲೇ ಆದ ಖೋಟಾ ನಾಣ್ಯ.

ಇದಕ್ಕೆ ಮೊದಲು ಹೊಳೆದ ಪದ ಮುಲಾಮು. ಚಿನ್ನದ ಮುಲಾಮು, ಬೆಳ್ಳಿ ಮುಲಾಮು ಅಂತ ಹೇಳುತ್ತೇವಲ್ಲ. ಗಿಲೀಟು ಅಂತಲೂ ಹೇಳಬಹುದು. ಪಾತ್ರೆಗೆ ಹಾಕುವ ಕಲಾಯಿಯೂ ನೆನಪಾಯಿತು, ಆದರೆ ಅದು ತವರ. ಈ ಮೂರರಲ್ಲೂ ತೊಡಕು ಒಂದೇ. ವಸ್ತು ಮೊದಲು ತಯಾರಾಗುತ್ತದೆ, ಲೇಪ ಆಮೇಲೆ ಬರುತ್ತದೆ. ಇಲ್ಲಿ ಕೆಲಸ ನಡೆಯುವುದು ಉಲ್ಟಾ. ತಾಮ್ರದ ಬಿಲ್ಲೆಗೆ ಮೊದಲೇ ಬೆಳ್ಳಿಯ ತಗಡು ಸುತ್ತುತ್ತಿದ್ದರು. ಕಾಯಿಸಿ ಎರಡನ್ನೂ ಬೆಸೆದು, ಆಮೇಲೆ ಅಚ್ಚು ಒತ್ತುತ್ತಿದ್ದರು. ಅದಕ್ಕೇ ಅಕ್ಷರ, ಮೂಗು, ಕೂದಲಿನ ಎಳೆ ಎಲ್ಲ ಅಷ್ಟು ಚೊಕ್ಕವಾಗಿ ಮೂಡಿರುತ್ತವೆ.

ಈ ವ್ಯತ್ಯಾಸ ಕೈಪಿಡಿಯಲ್ಲಿ ಕಾಣಲೇಬೇಕು. ಯಾಕೆಂದರೆ ನಿಜವಾಗಿ ಮುಲಾಮಿನ ನಾಣ್ಯಗಳೂ ರೋಮಿನಲ್ಲಿದ್ದವು. ಕ್ರಿ.ಶ. 274ರ ಸುಮಾರಿಗೆ ಅರೇಲಿಯನ್ ದೊರೆ ಹೊರಡಿಸಿದ ನಾಣ್ಯಗಳಲ್ಲಿ ಬೆಳ್ಳಿ ಶೇ 5ರಷ್ಟು, ಮೇಲೊಂದು ತೆಳು ಬೆಳ್ಳಿ ಲೇಪ. ಅವು ಸರಕಾರವೇ ಅಚ್ಚು ಹಾಕಿದ ಚಲಾವಣೆಯ ಹಣ. ಖೋಟಾಕ್ಕೂ ಅದಕ್ಕೂ ಒಂದೇ ಹೆಸರು ಕೊಟ್ಟರೆ ಹೊಸಬರು ದಾರಿ ತಪ್ಪುತ್ತಾರೆ.

ಫ್ರೆಂಚರು ಈ ತಾಮ್ರದೊಳಗಿನ ನಾಣ್ಯಕ್ಕೆ ಫುರೇ ಅನ್ನುತ್ತಾರೆ. ಒಳಗೆ ತುಂಬಿದ್ದು ಅಂತ ಅರ್ಥ. ಹಾಗಿದ್ದರೆ ನಮ್ಮಲ್ಲಿ ಹೂರಣ ಇದೆಯಲ್ಲ! ಹೋಳಿಗೆಯ ಹಾಗೆ ಬೆಳ್ಳಿ ಕಣಕ, ತಾಮ್ರ ಹೂರಣ, ಎರಡನ್ನೂ ಸೇರಿಸಿ ತಟ್ಟಿದ್ದು. 'ತಾಮ್ರ ಹೂರಣದ ದಿನಾರಿಯಸ್' ಅಂದರೆ ಕೆಲಸದ ಕ್ರಮ ಕಣ್ಣಿಗೆ ಕಟ್ಟುತ್ತದೆ. ನನಗೆ ಇದೇ ಹೆಚ್ಚು ಇಷ್ಟ. ಕೈಪಿಡಿಗೆ ಇದು ಹೊಂದುತ್ತದಾ, ಅಥವಾ 'ತಗಡು ಹೊದಿಸಿದ' ಅಂತ ನೇರವಾಗಿ ಬರೆಯುವುದೇ ವಾಸಿಯಾ?

ರೋಮನ್ ಲೇಖಕ ಪ್ಲಿನಿ ಒಂದು ಮಾತು ಬರೆದಿದ್ದಾನೆ. ಅವನ ಕಾಲದಲ್ಲಿ ಖೋಟಾ ದಿನಾರಿಯಸ್‌ನ ಮಾದರಿಗೆ ಜನ ಹಲವು ಅಸಲಿ ದಿನಾರಿಯಸ್ ಕೊಟ್ಟು ಕೊಳ್ಳುತ್ತಿದ್ದರಂತೆ. ಅಂಥ ವಸ್ತುವಿಗೆ ಸುಮ್ನೆ 'ನಕಲಿ' ಅಂತ ಬರೆದು ಮುಂದೆ ಹೋಗಲು ಮನಸ್ಸಿಲ್ಲ.

ಇನ್ನೊಂದು ಪ್ರಶ್ನೆ, ಅಕ್ಕಸಾಲಿಗರ ಮನೆತನದವರಿಗೆ. ಒರೆಗಲ್ಲು ಈ ನಾಣ್ಯದ ಮುಂದೆ ಸೋಲುತ್ತದೆ, ಅದಕ್ಕೆ ಸಿಗುವುದು ಮೇಲಿನ ಬೆಳ್ಳಿ ಮಾತ್ರ. ಅದಕ್ಕೇ ಹಿಂದಿನವರು ಉಳಿಯಿಂದ ಅಂಚಿನಲ್ಲಿ ಕಡಿದು ಒಳಗಿನ ಲೋಹ ನೋಡುತ್ತಿದ್ದರು. ಆ ಗುರುತು ಎಷ್ಟೋ ಹಳೆಯ ನಾಣ್ಯಗಳ ಮೇಲೆ ಈಗಲೂ ಇದೆ. ನಾನು 'ಕಚ್ಚು' ಅಂತ ಬರೆದಿದ್ದೇನೆ. ಹೀಗೆ ಕಡಿದು ನೋಡುವುದಕ್ಕೆ ನಿಮ್ಮ ಮನೆಯ ಹಿರಿಯರು ಏನನ್ನುತ್ತಿದ್ದರು? ಗೊತ್ತಿದ್ದರೆ ಯಾವ ಊರಿನ ಬಳಕೆ ಅಂತಲೂ ತಿಳಿಸಿ.